ಟೈರಣ್ಣ ಬೇಡವೆಂದ ಮೂವತ್ಮೂರು ಇಂಚು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಕಾಲದಲ್ಲಿ ಚಕ್ರದ ರಿಮ್ಮಿಗೆ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆದಿರಲಿಲ್ಲ. ಆ ಬೋಳು ಹೆಬ್ಬೆರಳನ್ನು ಟೈರಿನ ಹಲ್ಲುಗಳ ನಡುವೆ ಒತ್ತಿ, ಕಣ್ಣು ಮುಚ್ಚಿಕೊಂಡು, "ಇದು ಇನ್ನು ಆರು ತಿಂಗಳು" ಎಂದೋ "ಇದರಲ್ಲಿ ಮನೆಗೆ ಸಹ ಹೋಗ್ಬೇಡಿ" ಎಂದೋ ಹೇಳುತ್ತಿದ್ದರು. ಮಸ್ಕತ್ತಿನ ವಾದಿ ಅದಾಯ್‌ನ ಗ್ಯಾರೇಜುಗಳ ಸಾಲಿನಲ್ಲಿ ಅವರದು ಒಂದೇ ಶಟರಿನ ಟೈರ್ ಅಂಗಡಿ. ಕಾರ್ಕಳದ ಕಡೆಯವರು, ಮನೆಮಾತು ತುಳು. ನಾನು ಕುಂದಾಪುರದವನಾದ್ದರಿಂದ ನನ್ನೊಡನೆ ಕನ್ನಡ. ಅಲ್ಲಿದ್ದ ನಾವು ಕರಾವಳಿಯವರೆಲ್ಲ ಅವರನ್ನು ಟೈರಣ್ಣ ಎಂದೇ ಕರೆಯುತ್ತಿದ್ದೆವು.

ಬೆಟ್ಟದ ಹಳ್ಳಿಗಳಲ್ಲಿ ನೀರಿನ ಪಂಪು ರಿಪೇರಿ ಮಾಡುವುದು ನನ್ನ ಕೆಲಸ. ಕಂಪನಿ ಕೊಟ್ಟಿದ್ದ ನಾಲ್ಕು ಬಾಗಿಲಿನ ಪಿಕಪ್ಪಿನ ಟೈರುಗಳು ಸವೆದಾಗ ಹೊಸದನ್ನು ಆರಿಸುವುದೂ ನನಗೇ ಬಿತ್ತು. ಕಲ್ಲಿಗೂ ಮರಳಿಗೂ ಒದಗುವ ಆಲ್ ಟೆರೇನ್ ಟೈರು, ಅದೂ ಮೂವತ್ಮೂರು ಇಂಚು ಎತ್ತರದ್ದೇ ಬೇಕೆಂದು ಹಟ ಹಿಡಿದಿದ್ದೆ. ಗಾಡಿ ಎತ್ತರ ನಿಲ್ಲುತ್ತದೆ, ತಳಕ್ಕೆ ಕಲ್ಲು ತಾಗುವುದಿಲ್ಲ ಎಂಬ ವಾದವೂ ಸಿದ್ಧವಿತ್ತು. ನಿಜ ಹೇಳಬೇಕೆಂದರೆ, ಸಹೋದ್ಯೋಗಿಯೊಬ್ಬನ ಗಾಡಿಯಲ್ಲಿ ನೋಡಿ ಆಸೆ ಹುಟ್ಟಿತ್ತು.

ಟೈರಣ್ಣ ಚಕ್ರದ ಮೇಲಿನ ಸಂದಿಗೆ ಕೈ ಹಾಕಿ ನೋಡಿದರು. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿ ಮತ್ತೆ ನೋಡಿದರು.

"ಮೂವತ್ತೊಂದು ಹಾಕುವ. ಮೂವತ್ಮೂರು ಆಗುದಿಲ್ಲ."

"ಎಂತಕೆ ಆಗುದಿಲ್ಲ ಅಣ್ಣ? ಎಲ್ಲರೂ ಹಾಕ್ತಾರಲ್ಲ?"

"ಹಾಕ್ಲಿಕ್ಕೆ ಆಗ್ತದೆ. ಸೀದಾ ರೋಡಲ್ಲಿ ಓಡ್ತದೆ ಸಹ. ಇಳಿಜಾರಲ್ಲಿ ಭಾರ ಎಲ್ಲ ಮುಂದೆ ಬಂದಾಗ ತಿರುಗಿಸಿದ್ರೆ ಒಳಗೆ ತಾಗ್ತದೆ. ಸಸ್ಪೆನ್ಷನ್ ಎತ್ತರ ಮಾಡಿಸಿ ಬನ್ನಿ, ಆಮೇಲೆ ಹಾಕುವ."

ಕಂಪನಿ ಗಾಡಿಗೆ ಹಾಗೆಲ್ಲ ಮಾಡಿಸುವಂತಿರಲಿಲ್ಲ. "ಏನಾದ್ರೂ ಆದ್ರೆ ನನ್ನ ತಲೆ ಮೇಲೆ. ನೀವು ಹಾಕಿ" ಎಂದೆ. ಅವರ ಮುಖ ಬಿಗಿಯಿತು. "ನನ್ನ ಕೈಯಲ್ಲಿ ಆಗುದಿಲ್ಲ ಮಾರಾಯ್ರೆ" ಎಂದವರೇ ಬೆನ್ನು ತಿರುಗಿಸಿ ಒಳಗೆ ಹೋದರು. ಬೇರೆ ಗಿರಾಕಿಗಳು ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲಿಂದ ನೇರ ಅಲ್ ಅಮೇರಾತ್‌ನ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಮೂವತ್ಮೂರು ಕೂತಿತು.

ಮೂರನೆಯ ವಾರ, ಒಂದು ಶುಕ್ರವಾರ, ಹೆಂಡತಿಯನ್ನೂ ಎಂಟು ವರ್ಷದ ಮಗಳನ್ನೂ ಕೂರಿಸಿಕೊಂಡು ಬೆಟ್ಟದ ಹಳ್ಳಿಯೊಂದಕ್ಕೆ ಹೋದೆ. ಹತ್ತುವಾಗ ಏನೂ ಆಗಲಿಲ್ಲ. ಮಧ್ಯಾಹ್ನ ಇಳಿಯುವಾಗ, ಜಲ್ಲಿ ರಸ್ತೆಯ ಕಡಿದಾದ ಎಡ ತಿರುವಿನಲ್ಲಿ ಸ್ಟೇರಿಂಗ್ ಎಳೆದೆ. ಎಡ ಮುಂಚಕ್ರದಿಂದ ಕರಕರ ಸದ್ದು, ಬೆನ್ನಿಗೇ ಏನೋ ಹರಿದ ಸದ್ದು. ಸ್ಟೇರಿಂಗ್ ಅರ್ಧದಲ್ಲೇ ಕಚ್ಚಿಕೊಂಡಿತು. ಗಾಡಿ ತಿರುಗದೆ ಬಲಗಡೆಯ ಕಣಿವೆಯತ್ತ ಸಾಗಿತು. ಬ್ರೇಕ್ ಮೆಟ್ಟಿದೆ. ಜಲ್ಲಿಯ ಮೇಲೆ ಜಾರಿ ಜಾರಿ ನಿಂತಿತು. ಬಲ ಮುಂಚಕ್ರದಾಚೆ ಇನ್ನೊಂದು ಗೇಣು ನೆಲವಿತ್ತು, ಅಷ್ಟೆ.

ಅಲ್ಲಿನ ಗಾಡಿಗಳಲ್ಲಿ ಸ್ಟೇರಿಂಗ್ ಎಡಗಡೆ; ಬಲಗಡೆ ಕೂತಿದ್ದ ಹೆಂಡತಿ ತನ್ನ ಬಾಗಿಲಿಗೆ ಕೈ ಹಾಕಿದಳು. "ತೆಗೀಬೇಡ!" ಎಂದು ಕಿರುಚಿದೆ. ಆ ಬಾಗಿಲ ಹೊರಗೆ ಕಾಲಿಡಲು ಜಾಗವಿರಲಿಲ್ಲ. ಮಗಳು "ಪಪ್ಪಾ, ಆರ್ ವಿ ಫಾಲಿಂಗ್?" ಎಂದಳು.

ಪುಣ್ಯಕ್ಕೆ ಸಿಗ್ನಲ್ ಇತ್ತು. ಕಂಪನಿಗೆ ಫೋನ್ ಮಾಡಬೇಕಿತ್ತು. ಮಾಡಿದ್ದು ಟೈರಣ್ಣನಿಗೆ. ಆದದ್ದನ್ನೆಲ್ಲ ಹೇಳಿದೆ. ಎಲ್ಲಿ ಹಾಕಿಸಿದಿರಿ ಎಂದು ಅವರು ಕೇಳಲೇ ಇಲ್ಲ.

"ಹ್ಯಾಂಡ್‌ಬ್ರೇಕ್ ಎಳೀರಿ. ಬ್ರೇಕಿಂದ ಕಾಲು ತೆಗೀಬೇಡಿ. ಜೊತೆಗೆ ಯಾರೆಲ್ಲ ಉಂಟು?"

ಹೇಳಿದೆ.

"ಅಕ್ಕ ಮೆಲ್ಲ ಹಿಂದಿನ ಸೀಟಿಗೆ ದಾಟ್ಲಿ. ಮಗುವನ್ನು ಕರ್ಕೊಂಡು ಎಡದ ಬಾಗಿಲಿಂದ ಇಳೀಲಿ. ಇಳಿದು ಎಡದ ಎರಡೂ ಚಕ್ರಕ್ಕೆ ದೊಡ್ಡ ಕಲ್ಲು ಕೊಡ್ಲಿ, ಬದಿಯಿಂದ. ಗಾಡಿಯ ಎದುರು ನಿಲ್ಬಾರ್ದು. ನೀವು ಆಮೇಲೆ ಇಳೀರಿ."

ಇಳಿದು ನೋಡಿದರೆ, ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದು ಸುರುಳಿಯಾಗಿ ಟೈರಿಗೂ ಬಾಡಿಗೂ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತ್ತು. "ಜಾಕ್ ಇಡ್ಲಾ?" ಎಂದೆ.

"ಇಳಿಜಾರಲ್ಲಿ ಜಾಕಾ? ಬೇಡವೇ ಬೇಡ! ಆ ಟೈರಿನ ಗಾಳಿ ಬಿಡಿ. ಟೈರು ಮೆತ್ತಗಾದ್ರೆ ಅದು ಎಳೀಲಿಕ್ಕೆ ಬರ್ತದೆ."

ಗಾಳಿ ಬಿಟ್ಟೆ. ಚಾಕುವಿನಿಂದ ಕೊಯ್ದು, ಕಾಲು ಕೊಟ್ಟು ಎಳೆದೆ. ಅಂಗೈ ಸೀಳಿತು, ಪ್ಲಾಸ್ಟಿಕ್ ಬಂತು. ಗಾಡಿಯಲ್ಲಿದ್ದ ಸಣ್ಣ ಪಂಪಿನಿಂದ ಮತ್ತೆ ಗಾಳಿ ತುಂಬಿದೆ. ಆಮೇಲಿನದು ಎಲ್ಲಕ್ಕಿಂತ ಕಷ್ಟ. ನಾನೊಬ್ಬನೇ ಮತ್ತೆ ಒಳಗೆ ಕೂರಬೇಕಿತ್ತು. ಹೆಂಡತಿ ಮಗಳನ್ನು ಬಂಡೆಯ ಮೇಲೆ ಕೂರಿಸಿ, ಸ್ಪೀಕರ್ ಹಾಕಿದ ಫೋನನ್ನು ಎತ್ತಿ ಹಿಡಿದು ನಿಂತಳು.

"ಮೊದಲು ಸೀದಾ ರಿವರ್ಸ್. ಆಮೇಲೆ ಅರ್ಧ ತಿರುಗಿಸಿ ಮುಂದೆ. ಅರ್ಧಕ್ಕಿಂತ ಜಾಸ್ತಿ ಬೇಡ. ಅಕ್ಕ, ನೀವು ಜಾಗ ನೋಡಿ ಹೇಳಿ."

"ಇನ್ನೊಂದು ಮೊಳ ಉಂಟು... ಸಾಕು, ಸಾಕು, ನಿಲ್ಸಿ!"

ಹೀಗೆ ನಾಲ್ಕು ಸಲ ಹಿಂದೆ ಮುಂದೆ ಹೋದ ಮೇಲೆ ಗಾಡಿಯ ಮೂತಿ ತಿರುವು ದಾಟಿತು. ಮುಕ್ಕಾಲು ಗಂಟೆ ಹಿಡಿದಿರಬೇಕು. ಅಷ್ಟು ಹೊತ್ತೂ ಟೈರಣ್ಣ ಫೋನ್ ಇಡಲಿಲ್ಲ. ಕೊನೆಗೆ ಕೇಳಿದ್ದು ಒಂದೇ: "ಮಗು ಹೆದರಿತಾ?"

ಮರುದಿನ ಬೆಳಿಗ್ಗೆ ತಲೆ ತಗ್ಗಿಸಿಕೊಂಡೇ ಅಂಗಡಿಗೆ ಹೋದೆ. ನನ್ನನ್ನು ನೋಡಿ ಸ್ಟೂಲು ಎಳೆದುಕೊಟ್ಟು ಚಾ ತರಿಸಿದರು. ತಾವೇ ಕುಕ್ಕರಗಾಲಲ್ಲಿ ಕೂತು ಚಕ್ರದ ನಟ್ಟು ಬಿಚ್ಚತೊಡಗಿದರು.

"ನೀವು ಅವತ್ತೇ ಸರಿಯಾಗಿ ಹೇಳಿದ್ರಿ ಅಣ್ಣ. ನಾನೇ ಕೇಳ್ಲಿಲ್ಲ."

ಅವರು ತಿರುಗಿ ನೋಡಲಿಲ್ಲ. "ಮೊದಲು ನಾನು ಸಹ ಹಾಕಿ ಕೊಡ್ತಿದ್ದೆ," ಎಂದರು. "ಇಲ್ಲಿಯವನೇ ಒಬ್ಬ, ಒಳ್ಳೆ ಗಿರಾಕಿ. ಬೇಕು ಅಂದ, ಹಾಕಿದೆ. ನೆಂಟರ ಮನೆಗೆ ಹೋಗಿ ಬರುವಾಗ ಇಳಿಜಾರಲ್ಲಿ ಪಲ್ಟಿ. ಅವನು ಬದುಕಿದ, ಹೆಂಡತಿ ಹೋದ್ಲು. ನನ್ನನ್ನು ಯಾರೂ ಒಂದು ಮಾತು ಕೇಳ್ಲಿಲ್ಲ ಮಾರಾಯ್ರೆ. ಕೇಳಿದ್ರೆ ಒಳ್ಳೇದಿತ್ತು."

ಮೂವತ್ತೊಂದು ಹಾಕಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ತೋರಿಸಿ ನನ್ನನ್ನು ಕಳಿಸಿದರು.

ಕಳೆದ ವರ್ಷ ರಜೆಗೆಂದು ಊರಿಗೆ ಹೋದವರು ಮತ್ತೆ ಬರಲಿಲ್ಲ. ಎದೆನೋವು ಬಂದು, ಆಸ್ಪತ್ರೆಯ ದಾರಿಯಲ್ಲೇ ಹೋದರಂತೆ. ಸುದ್ದಿ ಕೇಳಿದ ದಿನ ಸುಮ್ಮನೆ ಅಂಗಡಿಯವರೆಗೆ ಹೋದೆ. ಮುಚ್ಚಿದ ಶಟರಿನ ಮುಂದೆ ಒಬ್ಬ ಒಮಾನಿ ಮುದುಕರು ಟೈರೊಂದನ್ನು ನಿಲ್ಲಿಸಿ ಹಿಡಿದುಕೊಂಡು ಕಾಯುತ್ತಿದ್ದರು. "ಸದೀಕ್ ವೇನ್?" ಎಂದರು. ಗೆಳೆಯ ಎಲ್ಲಿ ಎಂದು.

ನನಗಿರುವುದು ಕೆಲಸಕ್ಕೆ ಬೇಕಾದಷ್ಟು ಅರಬ್ಬಿ. ಕೆಲಸ ಮುಗಿದರೆ, ಡೀಸೆಲ್ ತೀರಿದರೆ, ಸಾಮಾನು ಖಾಲಿಯಾದರೆ ಎಲ್ಲಕ್ಕೂ ಒಂದೇ ಮಾತು, ಖಲಾಸ್. ಅದು ನಾಲಿಗೆಯ ತುದಿಗೆ ಬಂತು. ಟೈರಣ್ಣನ ವಿಷಯದಲ್ಲಿ ಅದನ್ನು ಆಡಲು ಮನಸ್ಸಾಗಲಿಲ್ಲ. ಎದೆಯ ಮೇಲೆ ಕೈಯಿಟ್ಟು ಇಲ್ಲವೆಂದು ತಲೆಯಾಡಿಸಿದೆ. ಮುದುಕರು ನನ್ನನ್ನೇ ನೋಡಿದರು. ಆಮೇಲೆ ಟೈರನ್ನು ನಿಧಾನವಾಗಿ ನೆಲಕ್ಕೆ ಮಲಗಿಸಿ ಅದರ ಮೇಲೆ ಕೂತರು. ಸ್ವಲ್ಪ ಸರಿದು ನನಗೂ ಜಾಗ ಮಾಡಿದರು.