ಭಾಭಿ ಮಾಡದ ಆಣೆ

ಆಸ್ಟಿನ್‌ನ ಡೊಮೇನ್ ಬಡಾವಣೆಯಲ್ಲಿ ನಮ್ಮ ಆಫೀಸಿನ ಕೆಳಗೇ ಒಂದು ಬರ್ಗರ್ ಅಂಗಡಿಯಿದೆ. ಊಟದ ಹೊತ್ತಾದರೆ ಸಾಕು, ಕಾದ ಕಬ್ಬಿಣದ ಮೇಲೆ ಕೊಬ್ಬು ಕರಗುವ ವಾಸನೆ ಪಾರ್ಕಿಂಗ್‌ವರೆಗೂ ಹಬ್ಬಿರುತ್ತದೆ. ಈಚೆಗೆ ಒಂದು ಮಧ್ಯಾಹ್ನ ಟೀಮಿನವರೆಲ್ಲ ಅಲ್ಲಿಗೆ ಹೋಗಿದ್ದೆವು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ತರಕಾರಿ ಪ್ಯಾಟಿಯ ಬರ್ಗರ್ ಹೇಳಿ, ಇದನ್ನೂ ಬೀಫ್ ಬೇಯಿಸುವ ಕಾವಲಿಯ ಮೇಲೇ ಬೇಯಿಸುತ್ತೀರಾ ಎಂದು ಮೆಲ್ಲಗೆ ಕೇಳಿದಳು. ಕೌಂಟರಿನವನು ನಗುತ್ತ, ಯೋಚನೆ ಮಾಡಬೇಡಿ, ಎಲ್ಲ ಬೇರೆ ಬೇರೆ ಎಂದ. ಅವನ ಬೆನ್ನ ಹಿಂದೆ ನನಗೆ ಕಂಡದ್ದು ಒಂದೇ ಕಾವಲಿ. ಆ ವಾಸನೆ, ಅವನ ಆ ಸಲೀಸಾದ ಉತ್ತರ... ಕ್ಯಾರಲ್ಟನ್‌ನ ಕೆಳಗಿನ ಮನೆಯ ಭಾಭಿ ನೆನಪಾದರು.

ಆಗ ನಾವು ಡಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಒಂದು ಬಾಡಿಗೆ ಅಪಾರ್ಟ್‌ಮೆಂಟಿನ ಮೇಲಂತಸ್ತಿನಲ್ಲಿದ್ದೆವು. ಮೈಸೂರಿನ ನಮ್ಮ ಮನೆಯಲ್ಲಿ ಕೋಳಿ, ಕುರಿ ನಡೆಯುತ್ತಿತ್ತು, ದನದ ಮಾಂಸ ಇಲ್ಲ. ಊರಲ್ಲಿ ಅದು ಯೋಚಿಸಬೇಕಾದ ಸಂಗತಿಯೇ ಆಗಿರಲಿಲ್ಲ. ಇಲ್ಲಿ ಪ್ರತಿ ತುತ್ತಿಗೂ ಯೋಚಿಸಬೇಕಾಯಿತು. ಒಂದನೇ ಕ್ಲಾಸಿನಲ್ಲಿದ್ದ ಮಗಳು ಗೆಳತಿಯ ಬರ್ತ್‌ಡೇ ಪಾರ್ಟಿಯಿಂದ ಮುಖ ಸಪ್ಪೆ ಮಾಡಿಕೊಂಡು ಬಂದು, "ಎವ್ರಿಬಡಿ ಹ್ಯಾಡ್ ಬರ್ಗರ್ಸ್, ಅಮ್ಮಾ. ಐ ಜಸ್ಟ್ ಹ್ಯಾಡ್ ಚಿಪ್ಸ್," ಎಂದಳು. ಅವತ್ತಿನಿಂದ ನಾನು ಬರ್ಗರಿನ ಬೆನ್ನು ಹತ್ತಿದೆ. ಟರ್ಕಿ ಕೋಳಿ ಎಂದು ಬರೆದಿದ್ದ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರಗಳಲ್ಲಿ ಇನ್ನೇನೇನೋ ಇರುತ್ತಿತ್ತು. ತರಕಾರಿಯ ಫ್ರೋಜನ್ ಪ್ಯಾಟಿ ತಂದರೆ ಮಗಳು ಒಂದು ಕಚ್ಚು ಕಚ್ಚಿ ತಟ್ಟೆಯ ಅಂಚಿಗೆ ಉಗುಳಿದಳು.

ಹೀಗೇ ಒಂದು ಸಂಜೆ ಅಂಗಡಿಯ ಫ್ರೀಜರ್ ಮುಂದೆ ನಿಂತು, ಫೋನಿನಲ್ಲಿ ಗಂಡನಿಗೆ ಪ್ಯಾಕೆಟ್ಟು ಓದಿ ಹೇಳುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಅದನ್ನ ಎಷ್ಟ್ ಓದಿದ್ರೂ ಅಷ್ಟ ಐತಿ, ತಂಗಿ. ಕೋಳಿ ತಗೋ. ಮನ್ಯಾಗ ಖೀಮಾ ಮಾಡೂಣು."

ತಿರುಗಿ ನೋಡಿದರೆ ತಲೆಯ ಮೇಲೆ ದುಪಟ್ಟಾ ಹೊದ್ದ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಾದ ಹೆಂಗಸು. ನಮ್ಮ ಕೆಳಗಿನ ಮನೆಗೆ ಹೊಸದಾಗಿ ಬಂದವರು. ಮೆಟ್ಟಿಲಲ್ಲಿ ಎದುರಾದಾಗ ಸುಮ್ಮನೆ ತಲೆಯಾಡಿಸಿ ಹೋಗಿದ್ದೆವು, ಕನ್ನಡದವರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ವಿಜಯಪುರದವರು. ಆಮೇಲೆ ನಾನು ಅವರನ್ನು ಭಾಭಿ, ಅಂದರೆ ಅತ್ತಿಗೆ, ಎಂದೇ ಕರೆದೆ. ಅವರಿಗೆ ಹಲಾಲ್ ಆಗಬೇಕು, ಹಂದಿ ತಾಗಿರಬಾರದು. ನನಗೆ ದನ ತಾಗಿರಬಾರದು. ನಮ್ಮ ಗೆಳೆತನ ಶುರುವಾದದ್ದೇ ಈ ಎರಡು ಅನುಮಾನಗಳಿಂದ.

ಶನಿವಾರಗಳಲ್ಲಿ ಅವರು ಇಡೀ ಕೋಳಿ ತಂದು, ಮೂಳೆ ಬಿಡಿಸಿ, ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಖೀಮಾ ಮಾಡುತ್ತಿದ್ದರು. ಪುದೀನ, ಹಸಿಮೆಣಸಿನಕಾಯಿ, ಸುಟ್ಟ ಈರುಳ್ಳಿ, ಅವರ ಮನೆಯ ಕಪ್ಪನೆಯ ಮಸಾಲೆ. ನಾನು ಬನ್ನು, ಟೊಮೆಟೊ, ಚೀಸು ಹಿಡಿದು ಕೆಳಗಿಳಿಯುತ್ತಿದ್ದೆ. ಮಗಳು ಒಂದು ತಿಂದು ಇನ್ನೊಂದಕ್ಕೆ ಕೈ ಚಾಚುತ್ತಿದ್ದಳು. ಭಾಭಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ...

ಆ ವರ್ಷದ ಬೇಸಿಗೆಯಲ್ಲಿ ನಮ್ಮ ಕನ್ನಡದ ಗುಂಪು ಲಿಟಲ್ ಎಲ್ಮ್‌ನಲ್ಲಿ, ಲೇಕಿನ ದಡದ ಪಾರ್ಕಿನಲ್ಲಿ ಪಿಕ್ನಿಕ್ ಇಟ್ಟುಕೊಂಡಿತು. ಗ್ರಿಲ್ ಇರುತ್ತದೆ, ಮಕ್ಕಳಿಗೆ ಬರ್ಗರ್ ಮಾಡೋಣ ಎಂದು ಯಾರೋ ಅಂದರು. ಭಾಭಿಯ ಹೆಸರು ಹೇಳಿದವಳು ನಾನು. ಅವರು ಖುಷಿಯಿಂದ ಒಪ್ಪಿಕೊಂಡರು. ಅಷ್ಟು ಜನಕ್ಕೆ ಮಿಕ್ಸಿ ಸಾಲದೆಂದು, ಕೋಳಿ ತರುತ್ತಿದ್ದ ಅಂಗಡಿಯಲ್ಲೇ ಖೀಮಾ ಮಾಡಿಸಿಕೊಂಡು ಬಂದರು.

ಪಿಕ್ನಿಕ್ ಚೆನ್ನಾಗಿಯೇ ನಡೆದಿತ್ತು. ಅದನ್ನು ನಡೆಸಿಕೊಡುತ್ತಿದ್ದವರ ತಾಯಿ ಮಂಡ್ಯದಿಂದ ಬಂದಿದ್ದರು, ಎಲ್ಲರೂ ಅಜ್ಜಿ ಎನ್ನುತ್ತಿದ್ದೆವು. ಬನ್ನು ಬೇಡವೆಂದು ಬರೀ ಪ್ಯಾಟಿಯನ್ನೇ ಎರಡು ತಿಂದು, ನಾಟಿಕೋಳಿ ಸಾರು ನೆನಪಾಯ್ತು ಕಣವ್ವ ಎಂದು ಭಾಭಿಯ ಕೆನ್ನೆ ಮುಟ್ಟಿದ್ದರು. ಆಮೇಲೆ ಒಬ್ಬರು ಬಂದು, ಪ್ಯಾಟಿಯೊಂದನ್ನು ಮುರಿದು ಬಿಸಿಲಿಗೆ ಹಿಡಿದು ನೋಡಿ, "ಇದು ಚಿಕನ್ ಬಣ್ಣ ಅಲ್ವಲ್ಲ," ಎಂದರು. ಎಲ್ಲಿಂದ ತಂದಿದ್ದು ಎಂದು ಕೇಳಿದರು. ಭಾಭಿ ಅಂಗಡಿಯ ಹೆಸರು ಹೇಳಿದರು. "ಅಲ್ಲಿ ಬೀಫೇ ಜಾಸ್ತಿ ಮಾರೋದು," ಎಂದರು ಅವರು, ಪಕ್ಕದ ಮೇಜಿಗೂ ಕೇಳುವಂತೆ.

ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು. ತಾಯಂದಿರು ಮಕ್ಕಳ ಕೈಯಿಂದ ಬನ್ನು ಕಿತ್ತುಕೊಂಡರು. ಅಜ್ಜಿ ಎದ್ದು ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು. ಮಸಾಲೆಯ ಬಣ್ಣ ಅದು, ನಾನು ಪ್ರತಿ ವಾರ ತಿನ್ನುತ್ತೇನೆ ಎಂದು ನಾನು ದನಿಯೆತ್ತಿ ಹೇಳಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಭಾಭಿಯನ್ನು.

ಅಜ್ಜಿ ವಾಪಸ್ ಬಂದು ಅವರ ಮುಂದೆ ನಿಂತರು. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಲೇ ಇದ್ದರು.

"ನೀನೇ ಹೇಳವ್ವ. ಬರೀ ಕೋಳಿ ಅಂತ ಆಣೆ ಮಾಡು. ನಂಬ್ತೀನಿ, ಇವರ ಮಾತು ಕೇಳಕ್ಕಿಲ್ಲ."

ಒಂದು ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಭಾಭಿಯ ಮೊಣಕೈ ಹಿಡಿದು, "ಹೇಳಿಬಿಡಿ," ಎಂದು ಪಿಸುಗುಟ್ಟಿದೆ.

"ನಾ ತಗೊಂಡಿದ್ದು ಕೋಳೀನ, ಅಮ್ಮಾ," ಎಂದರು ಭಾಭಿ. "ಆದ್ರ ಖೀಮಾ ನಾ ಮಾಡಿಲ್ಲ. ಅಂಗಡ್ಯಾಗ ಮಾಡಿ ಕೊಟ್ರು. ಮಷೀನ್ ಒಳಗಿತ್ತು, ನಾ ಕಣ್ಣೀಲೆ ನೋಡಿಲ್ರೀ. ನೋಡಲಾರದ್ದಕ್ಕ ಆಣಿ ಹ್ಯಾಂಗ ಮಾಡ್ಲಿ?"

ಅಜ್ಜಿಯ ಮುಖ ಕಪ್ಪಿಟ್ಟಿತು. ಯಾರೋ ಹಿಂದಿನಿಂದ, ನೋಡಿದ್ರಾ, ಅವರೇ ಒಪ್ಕೊಂಡ್ರು ಎಂದರು. ಭಾಭಿ ಕಾರಿನ ಕೀಲಿ ತೆಗೆದು, "ನೀವೆಲ್ಲ ಇಲ್ಲೇ ಇರ್ರಿ. ಕೇಳ್ಕೊಂಡು ಬರ್ತೀನಿ," ಎಂದು ಹೊರಟರು. ಮಗಳನ್ನು ಗಂಡನ ಹತ್ತಿರ ಬಿಟ್ಟು ನಾನೂ ಓಡಿ ಹೋಗಿ ಕಾರು ಹತ್ತಿದೆ.

ಅಂಗಡಿಯಲ್ಲಿ ಜನ ತುಂಬಿದ್ದರು. ಬೆಳಿಗ್ಗೆ ಖೀಮಾ ಮಾಡಿದವನನ್ನು ಕರೆಸಿ ಭಾಭಿ ಹಿಂದಿಯಲ್ಲಿ ಕೇಳಿದರು, ನಮ್ಮ ಕೋಳಿಗೆ ಮುಂಚೆ ಆ ಮಷೀನಿನಲ್ಲಿ ಏನು ಹಾಕಿದ್ದಿರಿ? ಬೀಫ್ ಎಂದ ಅವನು, ಅದರಲ್ಲಿ ಮುಚ್ಚಿಡುವುದೇನಿದೆ ಎನ್ನುವ ಹಾಗೆ. ಆಮೇಲೆ ತೊಳೆದೆವು ಎಂದ. ಬಿಚ್ಚಿ ತೊಳೆದಿರೋ, ಮೇಲೆ ನೀರು ಹಾಕಿದಿರೋ? ಅವನು ಸಾಲಿನಲ್ಲಿ ನಿಂತಿದ್ದ ಗಿರಾಕಿಗಳತ್ತ ನೋಡಿದ. ಬಹಳ ರಶ್ ಇತ್ತು, ಅಕ್ಕಾ, ಎಂದ.

ಕಾರಿಗೆ ಬಂದು ಕೂತ ಮೇಲೂ ಭಾಭಿ ಸ್ಟಾರ್ಟ್ ಮಾಡಲಿಲ್ಲ. "ಒಂದು ಚೂರು ಸೇರಿರಬಹುದು, ಸೇರದೆಯೂ ಇರಬಹುದು. ಅಜ್ಜಿಗೆ ಯಾಕೆ ಈ ಸಂಕಟ? ಎಲ್ಲ ಸರಿಯಿದೆಯಂತೆ ಅಂದುಬಿಡೋಣ ಭಾಭಿ. ಯಾರಿಗೂ ಏನೂ ನಷ್ಟ ಇಲ್ಲ," ಎಂದೆ.

ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಮುಂದೆಯೇ ನೋಡುತ್ತಿದ್ದರು. "ನಮ್ಮ ಅವ್ವಗ ಯಾರರೆ ಹಂದಿ ಕರದ ಎಣ್ಯಾಗ ಬಜಿ ಕರದು ಕೊಟ್ಟು, ಏನೂ ಇಲ್ಲ ತಿನ್ನು ಅಂದಿದ್ರ, ನಾ ಅವರನ್ನ ಸುಮ್ನ ಬಿಡ್ತಿದ್ದಿಲ್ಲ, ತಂಗಿ," ಎಂದರು. ಕಾರು ಸ್ಟಾರ್ಟ್ ಮಾಡಿದರು.

ನಾವು ಹಿಂದಿರುಗುವ ಹೊತ್ತಿಗೆ ಅರ್ಧ ಜನ ಹೊರಟುಹೋಗಿದ್ದರು. ಗ್ರಿಲ್ ಇನ್ನೂ ಹೊಗೆಯಾಡುತ್ತಿತ್ತು. ಅಜ್ಜಿ ಬೆಂಚಿನ ತುದಿಯಲ್ಲಿ ಒಬ್ಬರೇ ಕೂತಿದ್ದರು. ಭಾಭಿ ಅವರ ಮುಂದೆ ಹುಲ್ಲಿನ ಮೇಲೆ ಕೂತು ಅಂಗಡಿಯವನು ಹೇಳಿದ್ದನ್ನೆಲ್ಲ ಹೇಳಿದರು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಕೊನೆಗೆ, "ಇರಬಹುದು ಅಮ್ಮಾ. ಇಲ್ಲ ಅಂತ ನನಗ ಹೇಳಾಕ ಬರೂದಿಲ್ಲ. ತಪ್ಪಾತು," ಎಂದರು. ಅಜ್ಜಿಯ ಮಗ ಮುಂದೆ ಬಂದು, ಗೊತ್ತಿಲ್ಲದ ಮೇಲೆ ತಂದಿದ್ದೇಕೆ ಎಂದು ಕೂಗಾಡಿದರು. ನನ್ನ ಗಂಡ ಅವರ ಹೆಗಲು ಹಿಡಿದು ಆಚೆ ಕರೆದೊಯ್ದರು. ಅಜ್ಜಿ ಭಾಭಿಯ ಮುಖವನ್ನೇ ಬಹಳ ಹೊತ್ತು ನೋಡಿ, ಎದ್ದು, ಸೊಸೆಯ ಕೈ ಹಿಡಿದು ಕಾರಿನ ಕಡೆ ನಡೆದರು.

ಆಮೇಲಿನ ದಿನಗಳು ಕೆಟ್ಟದಾಗಿದ್ದವು. ಇನ್ನು ಮುಂದೆ ಪಿಕ್ನಿಕ್‌ಗೆ ವೆಜ್ ಮಾತ್ರ ಎಂದು ಗುಂಪಿನಲ್ಲಿ ಮೆಸೇಜು ಬಂತು. ಕಾರಣ ಯಾರೂ ಬರೆಯಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾನು ಅಲ್ಲಿ ಜಗಳವಾಡಿ ಗುಂಪಿನಿಂದ ಹೊರಬಂದೆ. ಭಾಭಿ ಬಾಗಿಲು ತೆರೆಯುವುದೇ ಕಡಿಮೆಯಾಯಿತು. ಶನಿವಾರ ಬಂದರೆ ಮಗಳು ಮೆಟ್ಟಿಲ ಮೇಲೆ ಕೂತು ಕೆಳಗೆ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ಅಜ್ಜಿ ನಿಂತಿದ್ದರು, ಹಿಂದೆ ಸೊಸೆ. ಆ ಹೆಣ್ಣುಮಗಳ ಮನೆ ಯಾವುದು ಎಂದು ಕೇಳಿದರು. ಮುಖದಲ್ಲಿ ನಗುವಿರಲಿಲ್ಲ. ಬೈಯಲು ಬಂದಿದ್ದಾರೆ ಎಂದುಕೊಂಡು, ಅಜ್ಜಿ, ಅವರು ಈಗಾಗಲೇ ತುಂಬ ನೊಂದಿದ್ದಾರೆ ಎಂದೆ. "ತೋರ್ಸು ಮಗ ಮೊದ್ಲು," ಎಂದರು.

ಭಾಭಿ ಬಾಗಿಲು ತೆರೆದು, ಅಜ್ಜಿಯನ್ನು ಕಂಡು ಗೋಡೆಗೆ ಸರಿದು ನಿಂತರು. ಅಜ್ಜಿ ಒಳಗೆ ಬಂದು, ಚಪ್ಪಲಿ ಬಿಟ್ಟು, ನೇರ ಅಡುಗೆಮನೆಗೆ ಹೋದರು.

"ನಾಡಿದ್ದು ಊರಿಗೆ ಹೊರಟಿವ್ನಿ. ಅವತ್ತಿಂದ ಬಾಯಿಗೆ ಏನಿಟ್ರೂ ಸೇರ್ತಿಲ್ಲ. ಅದೇ ಬಾಯಲ್ಲಿ ವಿಮಾನ ಹತ್ತಕ್ಕೆ ಮನಸ್ಸಿಲ್ಲ. ನಿನ್ನ ಕೈಯಾರೆ ಒಂದು ಮಾಡ್ಕೊಡು. ನಾನು ಇಲ್ಲೇ ಕೂತು ನೋಡ್ತೀನಿ." ಸ್ವಲ್ಪ ತಡೆದು, "ನಿನ್ ಮೇಲೆ ಅನುಮಾನ ಅಲ್ಲ ಕಣವ್ವ," ಎಂದರು.

ಭಾಭಿಗೆ ನೋವಾಗುತ್ತದೇನೋ ಎಂದುಕೊಂಡೆ. ಅವರು ಕುರ್ಚಿ ತಂದು ಒಲೆಯ ಪಕ್ಕಕ್ಕೇ ಹಾಕಿದರು. "ನೋಡ್ರಿ ಅಮ್ಮಾ. ನೋಡೇ ತಿನ್ನಬೇಕು," ಎಂದರು.

ಮಿಕ್ಸಿಯ ಜಾರಿನ ಬ್ಲೇಡು ಬಿಚ್ಚಿ, ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಅಜ್ಜಿಯ ಕೈಗೇ ಕೊಟ್ಟರು. ಅಜ್ಜಿ ಅದನ್ನು ತಿರುಗಿಸಿ ನೋಡಿ, ಮೂಸಿ ಹಿಂದಕ್ಕೆ ಕೊಟ್ಟರು. ಕೋಳಿಯ ಮೂಳೆ ಬಿಡಿಸುವುದರಿಂದ ಹಿಡಿದು ಪ್ಯಾಟಿ ತಟ್ಟುವವರೆಗೆ ಅಜ್ಜಿಯ ಕಣ್ಣು ಭಾಭಿಯ ಕೈ ಮೇಲೇ ಇತ್ತು. ಮಸಾಲೆ ಬಿದ್ದಾಗ ಖೀಮಾ ಕಪ್ಪಗಾದದ್ದನ್ನು ಅಜ್ಜಿ ಬಗ್ಗಿ ನೋಡಿದರು. ಒಮ್ಮೆ ಸೊಸೆಯ ಕಡೆ ತಿರುಗಿ, ನೋಡ್ದಾ ಎನ್ನುವಂತೆ ಹುಬ್ಬು ಏರಿಸಿದರು. ಕಾವಲಿಯಿಂದ ಇಳಿದ ಪ್ಯಾಟಿಯನ್ನು ಊದಿ ಊದಿ ತಿಂದರು. ಮುಗಿಸುವವರೆಗೂ ಭಾಭಿ ಕೂರಲಿಲ್ಲ.

"ಉಪ್ಪು ಕಮ್ಮಿ ಆಯ್ತು," ಎಂದರು ಅಜ್ಜಿ. ಭಾಭಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಜ್ಜಿ ಇನ್ನೊಂದು ಪ್ಯಾಟಿಯನ್ನು ಸೊಸೆಯ ಕೈಗಿಟ್ಟು, ನಿನ್ ಗಂಡನಿಗೆ ಹೇಳು, ನಾನು ತಿಂದೆ ಅಂತ, ಎಂದರು.

ಗುಂಪಿನವರೆಲ್ಲ ಬದಲಾದರು ಎಂದೇನೂ ಹೇಳಲಾರೆ. ಕೆಲವರು ಮಾತಾಡಿಸಿದರು, ಕೆಲವರು ಕೊನೆಯವರೆಗೂ ಇಲ್ಲ. ಎರಡು ವರ್ಷದ ಮೇಲೆ ಭಾಭಿಯ ಗಂಡನಿಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿತು, ನಾವು ಆಸ್ಟಿನ್‌ಗೆ ಶಿಫ್ಟ್ ಆದೆವು. ಹಬ್ಬಗಳಿಗೆ ಫೋನು ಮಾಡುತ್ತಿದ್ದೆವು. ಒಂದು ರಂಜಾನಿಗೆ ಅವರ ದನಿ ಸಣ್ಣದಾಗಿತ್ತು. ಹೊಟ್ಯಾಗ ಗಡ್ಡಿ ಅಂತಾರ ಎಂದರು, ಬೇರೆ ಯಾರದೋ ಸುದ್ದಿ ಹೇಳುವಂತೆ. ಹ್ಯೂಸ್ಟನ್‌ಗೆ ಹೋಗಿ ನೋಡಿಬಂದೆ. ಎದ್ದು ಕೂರುವ ಶಕ್ತಿಯಿರಲಿಲ್ಲ, ಆದರೂ ಮಗಳು ಈಗ ಏನು ತಿನ್ನುತ್ತಾಳೆ ಎಂದು ಕೇಳಿದರು. ನೀವು ವಾಸಿಯಾಗ್ತೀರಿ ಭಾಭಿ ಎಂದೆ. ಅವರು ನನ್ನ ಮುಖ ನೋಡಿ ಸಣ್ಣಗೆ ನಕ್ಕರು. "ನಿನಗೇನ್ ಗೊತ್ತು, ತಂಗಿ," ಎಂದರು... ಆಮೇಲೆ ಹೆಚ್ಚು ದಿನ ಇರಲಿಲ್ಲ.

ಮೊನ್ನೆ ಭಾನುವಾರ ಮಗಳ ಗೆಳತಿ ನಮ್ಮ ಮನೆಗೆ ಬಂದಿದ್ದಳು, ಪಾಕಿಸ್ತಾನಿ ಮನೆಯ ಹುಡುಗಿ. ನಾನು ಬರ್ಗರ್ ಮಾಡುತ್ತಿದ್ದೆ. ಮಗಳು ಅಡುಗೆಮನೆಗೆ ಬಂದು ದನಿ ತಗ್ಗಿಸಿ, "ಅಮ್ಮಾ, ಈಸ್ ಇಟ್ ಹಲಾಲ್?" ಎಂದಳು. ಕೋಳಿಯ ಪ್ಯಾಕೆಟ್ಟಿನ ಮೇಲೆ ಹಾಗೆಂದು ಬರೆದಿತ್ತು, ಆದರೆ ಅಂಗಡಿಯಲ್ಲಿ ಅದನ್ನು ಒಡೆದು ತಮ್ಮ ಮಷೀನಿನಲ್ಲಿ ಖೀಮಾ ಮಾಡಿಕೊಟ್ಟಿದ್ದರು. ಅದನ್ನಷ್ಟೇ ಹೇಳು, ಉಳಿದದ್ದು ನನಗೆ ಗೊತ್ತಿಲ್ಲ ಎನ್ನು ಎಂದೆ. ಮಗಳಿಗೆ ಮುಜುಗರವಾಯಿತು, ಆದರೂ ಹೋಗಿ ಹೇಳಿದಳು. ಆ ಹುಡುಗಿ ಥ್ಯಾಂಕ್ಯೂ ಆಂಟಿ ಎಂದು, ಮೊಟ್ಟೆ ಇಟ್ಟ ಬನ್ನು ತಿಂದು ಹೋದಳು.

ಪಾತ್ರೆ ತೊಳೆಯುವಾಗ ಇದನ್ನು ಭಾಭಿಗೆ ಹೇಳಬೇಕು ಅನ್ನಿಸಿತು. ಅವರು ಬಹುಶಃ ಏನೂ ಅನ್ನುತ್ತಿರಲಿಲ್ಲ. ಮೊಟ್ಟಿಗಿ ಉಪ್ಪು ಹಾಕಿದ್ದಿಯೇನ ಎಂದು ಕೇಳುತ್ತಿದ್ದರೇನೋ...