ಬಾಗಿಲು ಗುರುತಿಸದ ಗಂಗೂಬಾಯಿ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ದಕ್ಷಿಣ ಕೋಲ್ಕತ್ತದ ವಿಶ್ವವಿದ್ಯಾಲಯವೊಂದರ ಹೊಸ ಕಂಪ್ಯೂಟರ್ ವಿಜ್ಞಾನ ಭವನದ ಗಾಜಿನ ಬಾಗಿಲ ಮುಂದೆ ಗಂಗೂಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಪಕ್ಕದಲ್ಲಿ ಬಕೆಟ್ಟು, ನೆಲ ಒರೆಸುವ ಕೋಲು, ಫಿನಾಯಿಲ್ ಕ್ಯಾನು. ಹಿಂದೆ, ಕ್ಯಾನಿಂಗ್ ಊರಿನ ಕಡೆಯಿಂದ ಮೊದಲ ಲೋಕಲ್ ರೈಲು ಹಿಡಿದು ಬಂದ ಅವರ ತಂಡದ ಹೆಂಗಸರು. ಒಳಗೆ ಸುಣ್ಣಬಣ್ಣದವರು ಬಿಟ್ಟುಹೋದ ಧೂಳು ಹಾಯಾಗಿ ಮಲಗಿದೆ. ಅದನ್ನು ಎಬ್ಬಿಸಬೇಕಾದವರು ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಉದ್ಘಾಟನೆ ನಾಳೆ.

ನಡುವಿನ ಬಾಗಿಲಿಗೆ ಬೀಗವಿಲ್ಲ, ಕೀಲಿಯಿಲ್ಲ, ಬಡಿಯಲು ಚಿಲಕವೂ ಇಲ್ಲ. ಗೋಡೆಯ ಮೇಲಿನ ಅಂಗೈಯಗಲದ ಪರದೆಗೆ ಕಾರ್ಡು ತೋರಿಸಿದರೆ ತೆರೆಯುತ್ತದೆ; ಕಾರ್ಡಿನವರ ಹೆಸರು ಹಿಡಿದು ಹೆಣ್ಣುದನಿಯಲ್ಲಿ ಸ್ವಾಗತವನ್ನೂ ಹೇಳುತ್ತದೆ. ಕಾರ್ಡು ಪ್ರಾಧ್ಯಾಪಕರಿಗಿದೆ, ಸಂಶೋಧನಾ ವಿದ್ಯಾರ್ಥಿಗಳಿಗಿದೆ, ಈ ಕಡೆ ತಲೆಯನ್ನೂ ಹಾಕದ ಗೌರವ ಸಲಹೆಗಾರರಿಗೂ ಇದೆ. ಗುಡಿಸುವವರಿಗಿಲ್ಲ.

"ಹಳೇ ಬಿಲ್ಡಿಂಗಿನ್ಯಾಗ ಕೀಲಿಗೊಂಚಲ ನನ್ನ ಸೊಂಟದಾಗ ಜೋತಾಡ್ತಿತ್ರಿ. ಇದು ಭಾಳ ಶ್ಯಾಣ್ಯಾ ಬಾಗ್ಲಾ ಅಂತ," ಎನ್ನುತ್ತಾರೆ ಗಂಗೂಬಾಯಿ. "ಅಷ್ಟು ಶ್ಯಾಣ್ಯಾ ಇದ್ರ, ಕಸಬರಿಗಿ ಹಿಡದವ್ರ ಗುರ್ತ ಸಿಗಬಾರದೇನು?"

ಕಾವಲುಗಾರ ರಾಮ್‌ಸುಂದರನನ್ನು ಕೇಳಿದರೆ ಅವನು ಎರಡೂ ಕೈ ಎತ್ತುತ್ತಾನೆ. ಅವನಿಗೂ ಕಾರ್ಡು ಬಂದಿಲ್ಲ. ಬಾಗಿಲು ಕಾಯುವುದು ಅವನ ಕೆಲಸ, ತೆರೆಯುವುದಕ್ಕೆ ಯಾರೂ ಹೇಳಿಲ್ಲ.

ಗಂಗೂಬಾಯಿ ಹುಬ್ಬಳ್ಳಿಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ ಓಂಕಾರಪ್ಪನವರ ಕೈಹಿಡಿದು ಈ ಊರಿಗೆ ಬಂದರು. ಹಳಿಯ ಮೇಲೆ ಬಿದ್ದು ಗಂಡನ ಕಾಲು ಮುರಿದಾಗ ತಾವು ದುಡಿಯಲು ಹೊರಬಿದ್ದರು, ಕಾಲು ಕೂಡಿಕೊಂಡ ಮೇಲೂ ಕೆಲಸ ಬಿಡಲಿಲ್ಲ. ಈಗ ಗುತ್ತಿಗೆ ಸಂಸ್ಥೆಯೊಂದರ ಸ್ವಚ್ಛತಾ ಮೇಲ್ವಿಚಾರಕಿ. ದಕ್ಷಿಣೇಶ್ವರದ ಬಾಡಿಗೆ ಮನೆಯಿಂದ ಕತ್ತಲಿರುವಾಗಲೇ ಹೊರಟು, ಸಿಯಾಲ್ದಾದಲ್ಲಿ ಗಾಡಿ ಬದಲಿಸಿ, ಗರಿಯಾಹಾಟ್‌ನ ಸೀರೆ ಅಂಗಡಿಗಳು ಕಣ್ಣು ಬಿಡುವ ಮೊದಲೇ ಅವನ್ನು ದಾಟಿ ಬರುತ್ತಾರೆ. ತಂಡದ ಹೆಂಗಸರಿಗೆ ಅವರು 'ದೀದಿ'. ಅವರೊಡನೆ ಆಡುವ ಬಂಗಾಳಿಯನ್ನು ಕಣ್ಣು ಮುಚ್ಚಿ ಕೇಳಿದರೆ ಧಾರವಾಡದ ಸಂತೆಯಲ್ಲಿ ನಿಂತಂತಾಗುತ್ತದೆ.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಅವರು ಹೇಳುವುದು ಇಷ್ಟೇ: "ಯುನಿವರ್ಸಿಟಿಯಾಗ ಇದ್ದೀನ್ರಿ." ಒಮ್ಮೆ ಬ್ಯಾಂಕ್ ಅಧಿಕಾರಿಯ ಪತ್ನಿ, ಮಂಗಳೂರಿನ ಸ್ನೇಹಲತಾ, ಪಾಯಸ ಬಡಿಸುತ್ತ ಕೇಳಿದರು: "ಹೌದಾ ಮಾರಾಯ್ರೆ! ಯಾವ ಡಿಪಾರ್ಟ್‌ಮೆಂಟ್?"

"ಎಲ್ಲಾ ಡಿಪಾರ್ಟ್‌ಮೆಂಟೂ ನಾನs ನೋಡ್ಕೋತೀನ್ರಿ."

ಅಂದಿನಿಂದ ಓಂಕಾರಪ್ಪನವರು ಸಂಜೆ ಬಾಗಿಲು ತೆಗೆಯುವುದೇ "ಬರ್ರಿ ಪ್ರೊಫೆಸರ್ರ" ಎಂದು.

ಈ ವಾರ ಆ ನಗೆಯೂ ಮನೆಯಲ್ಲಿಲ್ಲ. ಭವನದ ನಿರ್ವಹಣೆಯನ್ನು ಯಾರಿಗೆ ಕೊಡಬೇಕೆಂದು ಉದ್ಘಾಟನೆಯ ದಿನ ನೆಲ ನೋಡಿ ನಿರ್ಧರಿಸುವುದಾಗಿ ಕಟ್ಟಡ ಸಮಿತಿ ತಿಳಿಸಿದೆ. ಯಂತ್ರಗಳಿಂದಲೇ ಗುಡಿಸಿ ಒರೆಸುವ ಕಂಪನಿಯೊಂದು ಆಗಲೇ ಬಂದು ಬಣ್ಣದ ಚಿತ್ರ ತೋರಿಸಿ ಹೋಗಿದೆ. ಅಂದರೆ ನಾಳೆ ನೆಲ ಹೊಳೆಯದಿದ್ದರೆ ಈ ಹೆಂಗಸರೆಲ್ಲ ಮನೆಗೆ. ನೆಲ ಹೊಳೆಯಿಸಲು ಮೊದಲು ನೆಲ ಕೈಗೆ ಸಿಗಬೇಕಲ್ಲ ಎಂಬ ಪ್ರಶ್ನೆಯನ್ನು ಗಂಗೂಬಾಯಿ ಸಮಿತಿಯ ಸಂಚಾಲಕ ಡಾ. ನೀಲಾದ್ರಿ ಲಾಹಿರಿಯವರ ಮುಂದೆ ಇಟ್ಟಿದ್ದಾರೆ. ಒಮ್ಮೆ ಕಾರಿಡಾರಿನಲ್ಲಿ, ಒಮ್ಮೆ ಕ್ಯಾಂಟೀನಿನಲ್ಲಿ, ಒಮ್ಮೆ ಅವರು ಲಿಫ್ಟಿನಿಂದ ತಪ್ಪಿಸಿಕೊಳ್ಳಲಾಗದಂತೆ ಅಡ್ಡ ನಿಂತು.

"ಗಂಗಾದೀದಿ, ಪ್ರಕ್ರಿಯೆ ನಡೀತಾ ಇದೆ," ಎನ್ನುತ್ತಾರೆ ಲಾಹಿರಿ. ಒಳ್ಳೆಯ ಮನುಷ್ಯ. ದಾನಿಯ ಹೆಸರಿನ ಹಿತ್ತಾಳೆ ಫಲಕ ಬಾಗಿಲ ಎಡಕ್ಕಿರಬೇಕೋ ಬಲಕ್ಕೋ ಎಂದು ಸಮಿತಿ ಮೂರು ಸಲ ಸೇರಿದೆ. ಕಾರ್ಡಿನ ವಿಷಯಕ್ಕೆ ಬರುವಷ್ಟರಲ್ಲಿ ಪ್ರತಿಸಲವೂ ಚಹಾ ಮುಗಿದಿದೆ. "ನಾಳೆ ಬೆಳಿಗ್ಗೆ ಐದಕ್ಕೆ ನಾನೇ ಬಂದು ತೆಗೀತೀನಿ, ಆಯ್ತಾ?"

ಮರುದಿನ ಲಾಹಿರಿ ಬರುವಾಗ ಸೂರ್ಯ ಕೃಷ್ಣಚೂಡ ಮರದ ನೆತ್ತಿಯಲ್ಲಿದ್ದಾನೆ. ಕೈತುಂಬ ರಜನೀಗಂಧ, ಮುಖತುಂಬ ಕ್ಷಮೆ. ಬಾಗಿಲೇನೋ "ಸ್ವಾಗತ, ಪ್ರೊಫೆಸರ್ ಲಾಹಿರಿ" ಎಂದು ತೆರೆದುಕೊಳ್ಳುತ್ತದೆ. ಹೆಂಗಸರು ನುಗ್ಗಿ ಕೆಳಗಿನ ಪಡಸಾಲೆಯನ್ನು ಕನ್ನಡಿ ಮಾಡುತ್ತಾರೆ. ಆದರೆ ಮೇಲಿನ ಪ್ರತಿ ಅಂತಸ್ತಿಗೂ ಬೇರೆ ಬಾಗಿಲು, ಮತ್ತು ಲಾಹಿರಿಯವರ ಕಾರ್ಡಿಗೆ ಮೇಲಿನ ಯಾವ ಬಾಗಿಲೂ ಜಪ್ಪಯ್ಯ ಎನ್ನುವುದಿಲ್ಲ.

"ಸರ್, ನಿಮ್ಮನ್ನೂ ಹೊರಗ ಇಟ್ಟಾರಲ್ರಿ!" ಗಂಗೂಬಾಯಿಗೆ ಕೋಪದ ನಡುವೆಯೂ ನಗು. "ಬರ್ರಿ, ನಮ್ಮ ಜೋಡಿ ಮೆಟ್ಟಲಾ ಮ್ಯಾಲ ಕೂಡ್ರಿ."

ಕೂರಲು ಹೊತ್ತಿಲ್ಲ. ದಾನಿಯ ಕಾರು ಬಂದೇಬಿಡುತ್ತದೆ. ಇಂದಿರಾ ಸೇನ್‌ಗುಪ್ತ, ಚಹಾ ವ್ಯಾಪಾರಿಯೊಬ್ಬರ ಪತ್ನಿ, ತೀರಿಹೋದ ಗಂಡನ ನೆನಪಿಗೆ ಈ ಭವನ ಕಟ್ಟಿಸಿದವರು. ಆ ಗಂಡ ಬದುಕಿದ್ದಷ್ಟು ಕಾಲ ಕಂಪ್ಯೂಟರಿಗೆ ಕೈ ಹಚ್ಚಿದವರಲ್ಲವಂತೆ. ವಿಜ್ಞಾನದ ಭವನದಲ್ಲಿ ಪೂಜೆ ಸಲ್ಲದೆಂದು ಸಮಿತಿ ಹಟ ಹಿಡಿದಿತ್ತು, ಧೂಪ ಹಾಕದೆ ತಮ್ಮವರು ಹೊಸ ಛತ್ರಿಯನ್ನೂ ಬಿಚ್ಚುತ್ತಿರಲಿಲ್ಲವೆಂದು ದಾನಿ ಹಟ ಹಿಡಿದಿದ್ದರು. ಕೊನೆಗೆ ಮಂತ್ರ ಬೇಡ, ಹೊಗೆ ಇರಲಿ ಎಂದು ರಾಜಿ. ಹೊಗೆಗೆ ಬೇಕಾದದ್ದು ಧುನುಚಿ, ತೆಂಗಿನ ನಾರಿನ ಕೆಂಡಕ್ಕೆ ಧೂಪ ಉದುರಿಸುವ ಮಣ್ಣಿನ ಪಾತ್ರೆ. ಅದನ್ನು ಬರಿಗೈಯಲ್ಲಿ ಹಿಡಿಯುವ ಧೈರ್ಯ ಸಮಿತಿಯಲ್ಲಿ ಯಾರಿಗೂ ಇಲ್ಲ. ತಮ್ಮ ಓಣಿಯ ದುರ್ಗಾಪೂಜೆಯಲ್ಲಿ ವರ್ಷಾವರ್ಷ ಹಿಡಿದ ಗಂಗೂಬಾಯಿಗೆ ಕರೆ ಬರುತ್ತದೆ.

ಸಿಟ್ಟಿನಲ್ಲಿದ್ದಾರೋ ಭಕ್ತಿಯಲ್ಲಿದ್ದಾರೋ, ಧೂಪವನ್ನು ಮುಷ್ಟಿಗಟ್ಟಲೆ ಸುರಿಯುತ್ತಾರೆ. ಪಡಸಾಲೆಯ ತುಂಬ ಮೋಡ. ಉಪಕುಲಪತಿಗಳು ಕೆಮ್ಮುತ್ತಾರೆ. ಮರುಗಳಿಗೆಯೇ ಚಾವಣಿಯಲ್ಲಿ ಹೊಗೆ ಪತ್ತೆಹಚ್ಚುವ ಬಿಳಿ ಬಿಲ್ಲೆಗಳು ಒಂದೇ ಸಲ ಊಳಿಡತೊಡಗುತ್ತವೆ, ಕೆಂಪು ದೀಪಗಳು ಸುತ್ತುತ್ತವೆ, ಜ್ಞಾನಿಗಳೆಲ್ಲ ರೇಷ್ಮೆ ಜುಬ್ಬಾ ಎತ್ತಿಕೊಂಡು ಹುಲ್ಲುಹಾಸಿಗೆ ದೌಡಾಯಿಸುತ್ತಾರೆ.

"ಬೆಂಕಿ ಎಲ್ಲದ ಅಂತ ಓಡ್ತೀರಿ? ಇಲ್ಲೇ ನನ್ನ ಕೈಯಾಗ ಅದ!" ಎಂದು ಗಂಗೂಬಾಯಿ ಕೂಗುವುದು ಯಾರಿಗೂ ಕೇಳುವುದಿಲ್ಲ.

ಅವರಿಗೆ ಮಾತ್ರ ಇನ್ನೊಂದು ಸದ್ದು ಕೇಳುತ್ತದೆ. ಟಕ್. ಟಕ್. ಟಕ್. ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದರೆ ಒಳಗಿದ್ದವರು ಪಾರಾಗಲೆಂದು ಎಲ್ಲ ಬೀಗಗಳೂ ತಾವಾಗಿ ಬಿಚ್ಚಿಕೊಳ್ಳುವ ವ್ಯವಸ್ಥೆಯಂತೆ. ಮೆಟ್ಟಿಲ ಮೇಲ್ತುದಿಯ ಬಾಗಿಲು ಹಲ್ಲು ಕಿಸಿದು ನಿಂತಿದೆ. ಗಂಗೂಬಾಯಿ ಧುನುಚಿಯನ್ನು ಹೊರಗೆ ಮಣ್ಣಿನ ಮೇಲಿಟ್ಟು, ಸೆರಗು ಸಿಕ್ಕಿಸುತ್ತಾರೆ. "ಚಲೋ ಚಲೋ! ಬಾಗ್ಲಾ ತಗದದ! ಮೊದಲ ಮ್ಯಾಲಿನ ಮಾಳಿಗಿ!"

ನಗರದ ಇನ್ನೊಂದು ತುದಿಯ ಸಾಲ್ಟ್ ಲೇಕ್‌ನಿಂದ ಎಂಜಿನಿಯರ್ ಬಂದು ಊಳು ನಿಲ್ಲಿಸುವವರೆಗೆ ಗಣ್ಯರು ಬಿಸಿಲಲ್ಲಿ ಬೇಯುತ್ತಾರೆ. ಅಷ್ಟು ಹೊತ್ತೂ, ಕಿವಿಗೆ ಹತ್ತಿ ತುರುಕಿಕೊಂಡು, ಹೆಂಗಸರು ಅಂತಸ್ತಿನಿಂದ ಅಂತಸ್ತಿಗೆ ಇಳಿಯುತ್ತ ಒರೆಸುತ್ತಾರೆ. ಗಾಜಿನಾಚೆ ಸೀರೆಗಳು ಓಡಾಡುವುದನ್ನು ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡ ದಾನಿ ಬಹಳ ಹೊತ್ತು ನೋಡಿ, ಲಾಹಿರಿಯವರನ್ನು ಕೇಳುತ್ತಾರೆ:

"ನಾವೆಲ್ಲ ಹೊರಗೆ ಓಡಿಬಂದೆವು. ಅವರೇಕೆ ಒಳಗೆ ಓಡಿದರು?"

ಲಾಹಿರಿಯವರ ಬಳಿ ಭವನದ ಬಗ್ಗೆ ಸಚಿತ್ರ ಭಾಷಣವೊಂದಿದೆ. ಅದರ ಹಾಳೆಗಳನ್ನೇ ಮಡಚಿ ದಾನಿಗೆ ಗಾಳಿ ಬೀಸತೊಡಗುತ್ತಾರೆ.

ನೆಲ ಹೊಳೆಯಿತು, ಯಂತ್ರದ ಕಂಪನಿ ಮನೆಗೆ ಹೋಯಿತು, ಹೆಂಗಸರು ಉಳಿದರು. ಉಪಕುಲಪತಿಗಳು ಭಾಷಣದಲ್ಲಿ ಬೆಂಕಿ ಎಚ್ಚರಿಕೆಯ ವ್ಯವಸ್ಥೆಯನ್ನು ಮುಕ್ತಕಂಠದಿಂದ ಹೊಗಳಿದರು. ಸಂಜೆ ಓಂಕಾರಪ್ಪನವರು ಇಡೀ ಕತೆ ಕೇಳಿ ತೀರ್ಪು ಕೊಟ್ಟರು: "ಸಿಗ್ನಲ್ ಸಿಕ್ತು, ಗಾಡಿ ಬಿಟ್ಟಿ. ಅದರಾಗ ತಪ್ಪೇನದ?"

ಸಮಿತಿ ಮತ್ತೆ ಸೇರಿ, ಭವನದೊಳಗೆ ಧೂಪ ನಿಷೇಧಿಸಿದೆ. ದಾನಿಯ ಪ್ರಶ್ನೆ ಚುಚ್ಚಿತೋ ಏನೋ, ಈ ಸಲ ಚಹಾ ಮುಗಿಯುವ ಮೊದಲೇ ಗಂಗೂಬಾಯಿಗೆ ಒಂದು ಕಾರ್ಡು ಮಂಜೂರಾಗಿದೆ. ಸಿಬ್ಬಂದಿಯ ಕಾರ್ಡಿಗೆ ಗುತ್ತಿಗೆಯವರು ಬರುವುದಿಲ್ಲವಾದ್ದರಿಂದ ಸಿಕ್ಕಿರುವುದು ಸಂದರ್ಶಕರ ಕಾರ್ಡು.

"ದಾನಿ ಹೆಸರು ಗ್ವಾಡಿ ಮ್ಯಾಲ ಇರ್ಲಿ, ಅವ್ರು ರೊಕ್ಕಾ ಕೊಟ್ಟಾರ," ಎನ್ನುತ್ತಾರೆ ಗಂಗೂಬಾಯಿ. "ನನಗ ಗ್ವಾಡಿ ಬ್ಯಾಡ್ರಿ. ಈ ಬಾಗ್ಲಾ ಒಂದ್ ದಿನ ನನ್ನ ಹೆಸರು ಹಿಡದ ಕರದ್ರ ಸಾಕು. ದಿನಾ ಅದರ ಮಾರಿ ಒರಸಾಕಿ ನಾನs ಅಲ್ಲೇನು?"

ಮತ್ತೊಂದು ಬೆಳಗು. ಮೆಟ್ಟಿಲ ಮೇಲೆ ಈಗ ಯಾರೂ ಕೂತಿಲ್ಲ. ಗಂಗೂಬಾಯಿ ಕಾರ್ಡು ತೋರಿಸುತ್ತಾರೆ. "ಸ್ವಾಗತ, ಸಂದರ್ಶಕರೇ," ಎನ್ನುತ್ತದೆ ಬಾಗಿಲು, ನಯವಾದ ಇಂಗ್ಲಿಷಿನಲ್ಲಿ.

"ಗಂಗೂಬಾಯಿ," ಎಂದು ದಿನದಂತೆ ತಿದ್ದಿ, ಸೆರಗಿನಿಂದ ಆ ಪುಟ್ಟ ಪರದೆಯನ್ನೊಮ್ಮೆ ಒರೆಸಿ, ಅವರು ಬಕೆಟ್ಟು ಎತ್ತಿಕೊಂಡು ಒಳಗೆ ನಡೆಯುತ್ತಾರೆ.