ಎಡೆಗೆ ಇಟ್ಟ ತಿತ್ತಿಯ ಸದ್ದು

ಹನಕೆರೆಯ ಬೆಳ್ಳಮ್ಮನಿಗೆ ತೀರಿಹೋದ ಗಂಡನ ಮುಖ ಮರೆತಿರಲಿಲ್ಲ. ಎಡಗಿವಿಯ ಹಿಂದಿನ ಮಚ್ಚೆ, ಉಣ್ಣುವ ಮೊದಲು ಮುದ್ದೆಯನ್ನು ಎರಡು ಪಾಲು ಮಾಡಿಕೊಳ್ಳುವ ರೀತಿ, ಬಿಸಿಲಿನಿಂದ ಬಂದರೆ ಹೊಸಿಲಲ್ಲೇ ನಿಂತು ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುವುದು, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೇ ಇದ್ದವು. ಮರೆತದ್ದು ಅವನ ತಿತ್ತಿಯ ಸದ್ದು. ಯಾವಾಗ ಹೋಯಿತೋ ಅವಳಿಗೆ ಗೊತ್ತಿಲ್ಲ. ಒಂದು ದಿನ ಗದ್ದೆಯಲ್ಲಿ ಕಬ್ಬಿನ ತರಗು ಸುಲಿಯುತ್ತಾ, ಎಂದಿನಂತೆ ಅದನ್ನು ಮನಸ್ಸಿನೊಳಗೆ ಕೇಳೋಣವೆಂದು ಹೋದರೆ ಅಲ್ಲಿ ಬರೀ ಗಾಳಿ.

ತಿತ್ತಿ ಅಂದರೆ ಇಡೀ ಮೇಕೆಯ ಚರ್ಮವನ್ನು ಹೊಲಿದು ಮಾಡಿದ ಚೀಲ. ಒಂದು ಕಾಲಿಗೆ ಕಟ್ಟಿದ ಕೊಳವೆಯಿಂದ ಗಾಳಿ ತುಂಬಬೇಕು, ಕಂಕುಳಲ್ಲಿ ಇಟ್ಟು ಒತ್ತಬೇಕು. ಆಗ ಇನ್ನೊಂದು ಕಾಲಿನ ಕೊಳವೆಯಿಂದ ಒಂದು ಸ್ವರ ಹೊರಡುತ್ತದೆ. ಒಂದೇ ಒಂದು. ಮೌರಿಯವನು ರಾಗ ಊದುತ್ತಾನೆ, ತಮಟೆಯವರು ಕುಣಿದು ಕುಣಿಸುತ್ತಾರೆ, ಜನ ಅವರ ಜೇಬಿಗೆ ಕಾಸು ಸಿಕ್ಕಿಸುತ್ತಾರೆ. ತಿತ್ತಿಯವನು ಹಿಂದೆ ನಿಂತು ಆ ಒಂದು ಸ್ವರವನ್ನು ಕೈಬಿಡದೆ ಹಿಡಿದುಕೊಂಡಿರಬೇಕು. ಗಂಡ ಕೆಂಪಸಿದ್ದಯ್ಯ ಬದುಕಿರುವವರೆಗೂ ಅದನ್ನೇ ಮಾಡಿದ. ಚರ್ಮ ಒಣಗದ ಹಾಗೆ ಹರಳೆಣ್ಣೆ ಸವರಿ ಮೆತ್ತಗೆ ಇಡುವ ಕೆಲಸ ಬೆಳ್ಳಮ್ಮನದು. ಮಳವಳ್ಳಿ ಕಡೆಯಿಂದ ಮದುವೆಯಾಗಿ ಬಂದ ವಾರವೇ ಅತ್ತೆ ಆ ಕೆಲಸ ವಹಿಸಿದ್ದಳು. ಅವನು ಸತ್ತ ಮೇಲೆ ಒಂದು ಮಳೆಗಾಲದಲ್ಲಿ ಇಲಿಗಳು ಅದನ್ನು ತಿಂದು ಮುಗಿಸಿದವು.

ಈ ಸಲ ಪಿತೃಪಕ್ಷ ಹತ್ತಿರವಾದಾಗ ಬೆಳ್ಳಮ್ಮನಿಗೆ ಒಂದೇ ಯೋಚನೆ. ಎಡೆಯಲ್ಲಿ ಸತ್ತವರಿಗೆ ಇಷ್ಟವಾದದ್ದೆಲ್ಲ ಇಡುತ್ತಾರೆ. ಬಾಡು, ಬೀಡಿ, ಹೊಸ ಪಂಚೆ ಎಲ್ಲ ಇಟ್ಟು, ಅವನು ಉಸಿರು ಹಾಕಿದ ಸದ್ದನ್ನೇ ಇಡದಿದ್ದರೆ ಏನಿಟ್ಟ ಹಾಗಾಯಿತು? ತನಗೇ ನೆನಪಿಲ್ಲದ್ದನ್ನು ತರುವುದಾದರೂ ಎಲ್ಲಿಂದ?

ಗಂಡನ ತಮಟೆ ಸೆಟ್ಟಿನಲ್ಲಿ ಮೌರಿ ಊದುತ್ತಿದ್ದ ಮರಿಸಿದ್ದಯ್ಯನ ಮನೆಗೆ ಹೋದಳು. ಅವನ ಬಳಿ ಈಗ ಕರೆಂಟಿನ ಶ್ರುತಿ ಪೆಟ್ಟಿಗೆ ಇತ್ತು. ಗುಂಡಿ ಒತ್ತಿ ಕೇಳಿಸಿದ. ಬೆಳ್ಳಮ್ಮ ಬಹಳ ಹೊತ್ತು ಕೂತು ಕೇಳಿದಳು.

“ಇದು ಸುಸ್ತೇ ಆಗಕ್ಕಿಲ್ವಲ್ಲ ಮರಿಸಿದ್ದಣ್ಣ.”

“ಅದ್ಕೇ ಕಣವ್ವ ತಂದಿರೋದು. ನಿನ್ ಗಂಡನಂಗೆ ಮಧ್ಯ ಮಧ್ಯ ಬೀಡಿ ಕೇಳಕ್ಕಿಲ್ಲ.”

ಇಬ್ಬರೂ ನಕ್ಕರು. ಆದರೆ ಅದು ಅವಳಿಗೆ ಬೇಕಾದ ಸದ್ದಾಗಿರಲಿಲ್ಲ. ಕೆಂಪಸಿದ್ದಯ್ಯ ಉಸಿರು ಎಳೆದುಕೊಳ್ಳುವಾಗ ಸ್ವರ ಕೂದಲೆಳೆಯಷ್ಟು ಕುಸಿಯುತ್ತಿತ್ತು, ಮೊಣಕೈ ಒತ್ತಿದ ಕೂಡಲೇ ಮತ್ತೆ ಎದ್ದು ನಿಲ್ಲುತ್ತಿತ್ತು. ಹಾಗೆ ಆಗುತ್ತಿತ್ತು ಎನ್ನುವುದು ಗೊತ್ತು. ಕಿವಿಗೆ ಮಾತ್ರ ಬರುತ್ತಿಲ್ಲ.

ಎಡೆಯ ಪಂಚೆ, ಟವಲು ತರಲು ಸೊಸೆ ಶಾಲಿನಿಯ ಜೊತೆ ಮಂಡ್ಯಕ್ಕೆ ಹೋದಳು. ಶಾಲಿನಿ ಅಲ್ಲೊಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ದಿನವೂ ರೈಲಿನಲ್ಲಿ ಹೋಗಿ ಬರುವಾಗ ಕಿವಿಗೆ ವೈರು ಸಿಕ್ಕಿಸಿಕೊಂಡಿರುತ್ತಾಳೆ. ವಾಪಸು ಬರುವಾಗ ಕಿಟಕಿಯ ಪಕ್ಕ ಕೂತ ಬೆಳ್ಳಮ್ಮ, ಅದರಲ್ಲಿ ದಿನಾ ಏನು ಕೇಳುತ್ತೀ ಎಂದಳು. ಶಾಲಿನಿ ತಾಳ್ಮೆಯಿಂದ ಹೇಳಿದಳು. ಐರ್ಲೆಂಡು, ಸ್ಕಾಟ್ಲೆಂಡು ಅಂತ ಚಳಿಯ ದೇಶಗಳಿವೆ. ಅಲ್ಲಿನ ಹಳ್ಳಿಯವರ ಹಳೇ ವಾದ್ಯಗಳನ್ನೂ ಹಾಡುಗಳನ್ನೂ ಈಗಿನ ಹುಡುಗರು ಕರೆಂಟಿನ ಗಿಟಾರು, ದೊಡ್ಡ ಡ್ರಮ್ಮುಗಳ ಜೊತೆ ಸೇರಿಸಿ ನುಡಿಸುತ್ತಾರೆ. ಕೆಲ್ಟಿಕ್ ಫೋಕ್ ಮೆಟಲ್ ಅನ್ನುತ್ತಾರೆ. ಹಾಸ್ಟೆಲಿನಲ್ಲಿ ಇದ್ದಾಗಿನಿಂದ ತನಗೆ ಅದೇ ಇಷ್ಟ. ತುಂಬಾ ಜೋರು, ಅತ್ತೆಗೆ ತಡೆಯಲಾಗದು.

“ನಾನು ತಮಟೆಯೋರ್ ಮನೆ ಸೊಸೆ ಕಣವ್ವ. ಕೊಡಿಲ್ಲಿ.”

ಶಾಲಿನಿ ಒಂದು ವೈರನ್ನು ಅತ್ತೆಯ ಕಿವಿಗೆ ಇಟ್ಟು ಆಲ್ಬಮ್ಮಿನ ಮೊದಲ ಹಾಡು ಹಾಕಿದಳು. ಹೊರಗೆ ಕಬ್ಬಿನ ಗದ್ದೆಗಳು ನಿಧಾನವಾಗಿ ತಿರುಗುತ್ತಿದ್ದವು. ಯಾವುದೋ ಆಲೆಮನೆಯ ಹೊಗೆ ಕಿಟಕಿಯ ತನಕ ಬಂದು ಸಿಹಿಯಾಗಿ ತಾಕಿ ಹೋಯಿತು. ಮೊದಲು ಏನೂ ಇಲ್ಲ. ಆಮೇಲೆ, ಮಲಗಿದ್ದ ಹಸು ಮುಂಗಾಲು ಊರಿ ಏಳುವಾಗ ನರಳುತ್ತದಲ್ಲ, ಅಂಥದೊಂದು ನರಳಿಕೆ. ಆ ದೇಶದಲ್ಲೂ ತಿತ್ತಿಯಂಥದೇ ಒಂದು ಚೀಲಕ್ಕೆ ಗಾಳಿ ತುಂಬುತ್ತಿದೆ. ನರಳಿಕೆ ಮೇಲೇರಿತು, ನಡುಗಿತು, ನೆಟ್ಟಗಾಗಿ ಒಂದು ಸ್ವರವಾಗಿ ನಿಂತಿತು. ನಿಂತದ್ದು ಕೂದಲೆಳೆಯಷ್ಟು ಕುಸಿಯಿತು. ಮತ್ತೆ ಎದ್ದಿತು.

ಬೆಳ್ಳಮ್ಮ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ರೈಲು ಹೋಗುತ್ತಿದೆಯೋ ನಿಂತಿದೆಯೋ ತಿಳಿಯದಾಯಿತು. ಎಣ್ಣೆ ಸವರಿದ ಚರ್ಮದ ವಾಸನೆ ಮೂಗಿಗೆ ಬಂತು. ಬಾಯಿಗೆ ಕೊಳವೆ ಇಟ್ಟು, ಕೆನ್ನೆ ಉಬ್ಬಿಸಿ, ಯಾರನ್ನೂ ನೋಡದೆ ದೂರ ನೋಡುತ್ತಾ ನಿಂತವನು ಕಿಟಕಿಯ ಆಚೆ, ಗದ್ದೆಯ ಬದುವಿನ ಮೇಲೆ, ರೈಲಿನ ಜೊತೆಜೊತೆಗೇ ಬರುತ್ತಿದ್ದ.

“ಮೊದ್ಲಿಂದ ಆಕು,” ಎಂದಳು. ಮುಗಿದ ಮೇಲೆ ಮತ್ತೊಮ್ಮೆ ಹಾಕಿಸಿದಳು. ಅತ್ತೆಯ ಮುಖವನ್ನೇ ನೋಡುತ್ತಿದ್ದ ಶಾಲಿನಿಗೂ ಹನಕೆರೆ ಬಂದದ್ದು, ಹೋದದ್ದು ಗೊತ್ತಾಗಲಿಲ್ಲ. ಇಬ್ಬರೂ ಮದ್ದೂರಿನಲ್ಲಿ ಇಳಿದು ಬಸ್ಸಿನಲ್ಲಿ ಹಿಂದಕ್ಕೆ ಬಂದರು.

ಎಡೆಯಲ್ಲಿ ಆ ಹಾಡು ಹಾಕಲು ಮಗ ಮಹದೇವು ಒಪ್ಪಲಿಲ್ಲ. ಅವನು ಮದ್ದೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಮನೆಯಲ್ಲಿ ಬುದ್ಧನ ಪಟ ಹಾಕಿದ್ದ. ಎಡೆಯಲ್ಲಿ ನಂಬಿಕೆ ಇಲ್ಲದಿದ್ದರೂ ತಾಯಿಗೋಸ್ಕರ ಕೈಮುಗಿದು ನಿಲ್ಲುತ್ತಿದ್ದ.

“ಬಾಡು ಇಡು, ಬೀಡಿ ಇಡು, ಬ್ಯಾಡ ಅನ್ನಕ್ಕಿಲ್ಲ. ತಿತ್ತಿ ಸದ್ದು ಮಾತ್ರ ಬ್ಯಾಡ ಕಣವ್ವ. ಊರೋರ್ ಮದುವೇಲೆಲ್ಲ ಅಪ್ಪ ಚಪ್ಪರದಾಚೆ ನಿಂತ್ಕಂಡು ಊದದ್ನ ನೋಡಿವ್ನಿ. ಉಣ್ಣಕ್ಕೂ ಆಚೇಲೇ ಇಕ್ಕೋರು.”

ಬೆಳ್ಳಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಹೇಳಿದಳು: “ಅವ್ರು ನಿಂತಿದ್ ಜಾಗ ನಂಗ್ಯಾಕ್ ಮಗ? ನಂಗೆ ಬೇಕಾಗಿರೋದು ಅವ್ರ ಉಸ್ರು.”

ಮಹದೇವು ಮತ್ತೆ ಬೇಡ ಅನ್ನಲಿಲ್ಲ.

ಎಡೆಯ ದಿನ ದೀಪ ಹಚ್ಚುವ ಹೊತ್ತಿಗೆ ಬಾಳೆಲೆಯ ಮೇಲೆ ಎಲ್ಲ ಬಡಿಸಿ, ಪಂಚೆ ಮಡಿಸಿಟ್ಟು, ಸಾಂಬ್ರಾಣಿ ಹಾಕಿದರು. ಬೀಡಿ ಕಟ್ಟಿನ ಪಕ್ಕ ಶಾಲಿನಿ ತನ್ನ ಫೋನನ್ನು ಚಿಕ್ಕದೊಂದು ಸ್ಪೀಕರಿಗೆ ಜೋಡಿಸಿ ಇಟ್ಟಳು. ಗಂಧದಕಡ್ಡಿ ಹಚ್ಚಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಆ ಕಡ್ಡಿ ಉರಿದು ಮುಗಿಯುವ ತನಕ ಬಾಗಿಲು ತೆಗೆಯಕೂಡದು. ತೆಗೆದರೆ ಉಣ್ಣುತ್ತಿರುವ ಹಿರಿಯರನ್ನು ಅರ್ಧ ಊಟದಲ್ಲಿ ಎಬ್ಬಿಸಿದ ಹಾಗೆ. ಮೂವರೂ ಜಗಲಿಯ ಮೇಲೆ ಕೂತರು.

ಬಾಗಿಲ ಸಂದಿಯಿಂದ ಹೊಗೆಯ ಜೊತೆ ಆ ನರಳಿಕೆ ಬಂತು, ನೆಟ್ಟಗಾಯಿತು, ನಿಂತಿತು. ಬೆಳ್ಳಮ್ಮ ಗೋಡೆಗೆ ತಲೆ ಆನಿಸಿದಳು. ಹಾಡು ಮುಗಿಯಿತು.

ಆದರೆ ಶಾಲಿನಿ ಒಂದು ಹಾಡನ್ನಷ್ಟೇ ಹಾಕುವ ಬದಲು, ದಿನದ ಅಭ್ಯಾಸದಂತೆ ಇಡೀ ಆಲ್ಬಮ್ಮನ್ನೇ ಹಾಕಿ ಬಂದಿದ್ದಳು. ಎರಡನೆಯ ಹಾಡು ಶುರುವಾದದ್ದೇ ಒಳಗೆ ಅಟ್ಟ ಕುಸಿದ ಹಾಗಾಯಿತು. ಡ್ರಮ್ಮುಗಳು ಗುದ್ದಿದವು, ಗಿಟಾರುಗಳು ಗರಗಸದ ಹಾಗೆ ಕುಯ್ದವು, ಯಾರೋ ಹೊಟ್ಟೆಯ ಆಳದಿಂದ ಗುಟುರು ಹಾಕಿದ. ಶಾಲಿನಿ ಬಾಯಿಗೆ ಕೈ ಇಟ್ಟುಕೊಂಡಳು. ಎದುರು ಮನೆಯ ಇಂದ್ರಮ್ಮ ಕೈಯ ಹಿಟ್ಟನ್ನೂ ತೊಳೆಯದೆ ಓಡಿ ಬಂದಳು.

“ಬೆಳ್ಳಕ್ಕ, ಒಳಗೆ ಯಾರ್ಗಕ್ಕ ದೆವ್ವ ಬುಡುಸ್ತಾ ಇರೋದು?”

“ನಮ್ಮೆಜಮಾನ್ರು ಸೆಟ್ ಕರ್ಕಂಡ್ ಬಂದವ್ರೆ ಕಣಿಂದ್ರಮ್ಮ. ಕೂತ್ಕೊ.”

ಮಹದೇವು ಎದ್ದು ಅಗುಳಿಗೆ ಕೈ ಹಾಕಿದ. ಬೆಳ್ಳಮ್ಮ ಅವನ ಮಣಿಕಟ್ಟು ಹಿಡಿದಳು.

“ಕೂತ್ಕಳ್ಳಾ. ಉಣ್ಣೋರ್ನ ಎಬ್ಬುಸ್ಬ್ಯಾಡ. ಕೆಳಗೆ ಕೇಳು.”

ಅವನು ನಿಂತೇ ಕೇಳಿದ. ಗುದ್ದಾಟ, ಗುಟುರು, ಗರಗಸ. ಅವೆಲ್ಲದರ ಕೆಳಗೆ, ಹೊಳೆಯ ತಳದ ಮರಳಿನ ಹಾಗೆ, ಆ ಒಂದು ಸ್ವರ ಇತ್ತು. ಮೇಲೆ ಯಾರು ಎಷ್ಟು ಹಾರಾಡಿದರೂ ಅದು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಆಗಾಗ ಸ್ವಲ್ಪ ಕುಸಿದು ಮತ್ತೆ ಏಳುತ್ತಿತ್ತು.

“ಆ ಇಂದ್ಗಡೆ ಒಂದೇ ಸಮ ಬತ್ತಾ ಅದಲ್ಲ,” ಎಂದ ಮಹದೇವು. “ಅದಾ ಅಪ್ಪನ್ದು?”

“ಊಂ.”

ಅವನು ಬಂದು ತಾಯಿಯ ಪಕ್ಕ ಕೂತ. ಕತ್ತಲು ಮೆಲ್ಲಗೆ ಅಂಗಳಕ್ಕೆ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೆ ಹೇಳಿದನೋ, “ಇವತ್ತು ಅಪ್ಪ ಒಳಗವ್ನೆ. ನಾವು ಆಚೆ ಕೂತಿವಿ,” ಎಂದ. ಬೆಳ್ಳಮ್ಮ ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ.

ಗಂಧದಕಡ್ಡಿ ಯಾವಾಗಲೋ ಉರಿದು ಹೋಗಿರಬೇಕು. ಯಾರೂ ಏಳಲಿಲ್ಲ. ಒಂದು ಹಾಡಿನ ಕೊನೆಗೆ ಡ್ರಮ್ಮು ನಿಂತು, ಗಿಟಾರು ನಿಂತು, ತಿತ್ತಿಯೊಂದೇ ಉಳಿಯಿತು. ಅದರ ಗಾಳಿ ಇಳಿಯಿತು. ಸ್ವರ ಬಾಗಿ, ನರಳಿ, ಮಲಗಿತು. ಮದುವೆಗಳಲ್ಲಿ ಆ ಸದ್ದು ಕೇಳಿದರೆ ಕೆಂಪಸಿದ್ದಯ್ಯನ ಕೆಲಸ ಮುಗಿಯಿತು ಅಂತ ಬೆಳ್ಳಮ್ಮನಿಗೆ ತಿಳಿಯುತ್ತಿತ್ತು. ಅವನ ಸ್ನಾನಕ್ಕೆ ನೀರು ಕಾಯಿಸಲು ಎದ್ದು ಹೋಗುತ್ತಿದ್ದಳು.

“ಈಗ ತಗಿ,” ಎಂದಳು ಮಗನಿಗೆ.

ಮಾರನೆಯ ದಿನ ಬೆಳಿಗ್ಗೆ ಗದ್ದೆಯಲ್ಲಿ ತರಗು ಸುಲಿಯುತ್ತಾ, ಮನಸ್ಸಿನೊಳಗೆ ಆ ಜಾಗಕ್ಕೆ ಮೆಲ್ಲಗೆ ಹೋಗಿ ನೋಡಿದಳು. ಚೀಲಕ್ಕೆ ಗಾಳಿ ತುಂಬಿತು, ನರಳಿತು, ನಿಂತಿತು. ಅದರ ಹಿಂದೆಯೇ ಆ ಚಳಿ ದೇಶದ ಹುಡುಗರೂ ಡ್ರಮ್ಮು ಹೊತ್ತುಕೊಂಡು ಬಂದರು. ಅಷ್ಟು ದೂರದಿಂದ ಬಂದಿದ್ದಾರೆ, ಅವರೂ ಇರಲಿ ಎಂದುಕೊಂಡು ಬೆಳ್ಳಮ್ಮ ಮುಂದಿನ ಸಾಲಿಗೆ ಕೈ ಹಾಕಿದಳು.